ಹಲ್ಲಿಲ್ಲದ ಸಿಡಿಲು

ಮಾರ್ಚ್ 3, ಮಂಗಳವಾರ

ಸಹಿ ಹಾಕಿದೆ! ನಿಜವಾದ ಕಂಪನಿ, ನಿಜವಾದ ಸ್ಟುಡಿಯೊ, ನಿಜವಾದ ಆಲ್ಬಮ್. ಹನ್ನೆರಡು ಹಾಡು. ಹೆಸರು ಆಗಲೇ ತಲೆಯಲ್ಲಿದೆ: 'ಸಿಡಿಲ ಸಿಂಹಾಸನ'. ವೇದಿಕೆಯ ಮೇಲೆ ನನ್ನ ಹೆಸರೇ ಸಿಡಿಲು. ಇಷ್ಟು ವರ್ಷ ದೊಡ್ಡ ರ್‍ಯಾಪರ್‌ಗಳು ಬರುವ ತನಕ ಜನ ಎದ್ದು ಹೋಗದಂತೆ ಹಿಡಿದಿಡುವುದೇ ನನ್ನ ಕೆಲಸವಾಗಿತ್ತು. ಬಿಸಿಲಿಗೆ ಕೊಡೆ ಹಿಡಿದವಳಂತೆ ನಿಂತು ನಿಂತು ವಯಸ್ಸು ಮೂವತ್ತೆಂಟಾಯಿತು. ಇನ್ನು ಸಿಡಿಲು ಬಡಿಯುವುದೇ.

ಕಂಪನಿಯ ಮ್ಯಾನೇಜರಮ್ಮ ಕಾಗದ ಎತ್ತಿಡುತ್ತ ನಗುನಗುತ್ತಲೇ ಹೇಳಿದಳು, “ಈ ವಯಸ್ಸಲ್ಲಿ ಮೊದಲ ಆಲ್ಬಮ್ ಮಾಡೋರನ್ನ ನಾವು ತಗೊಳ್ತಿರೋದು ಇದೇ ಮೊದ್ಲು. ಜುಲೈ ಮುಗಿಯೋದ್ರೊಳಗೆ ಹಾಡು ನನ್ನ ಕೈಲಿರ್ಬೇಕು. ಇಲ್ದಿದ್ರೆ ಇದೇ ಕೊನೆ.”

ಮನೆಗೆ ಬಂದು ಅಡುಗೆಮನೆಯಲ್ಲೇ ಅಮ್ಮನ ಮುಂದೆ ನಾಲ್ಕು ಸಾಲು ಒದರಿದೆ. “ಸಾಕು ನಿಲ್ಸೆ. ಪಕ್ಕದ ಮನೆಯೋರು ಜಗಳ ಅಂದ್ಕೋತಾರೆ,” ಎಂದಳು. ನನ್ನ ಪ್ರತಿ ಹಾಡಿಗೂ ಅಮ್ಮನ ವಿಮರ್ಶೆ ಇಷ್ಟೇ: ಸಾಕು. ಒಂದು ಕಾರ್ಯಕ್ರಮಕ್ಕೂ ಬಂದವಳಲ್ಲ.

ಮಾರ್ಚ್ 5, ಗುರುವಾರ

ಹಲ್ಲು ಹೋಯಿತು. ಮೇಲಿನ ಎರಡು, ನಟ್ಟನಡುವಿನವು.

ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ, ಆಲ್ಬಮ್ಮಿನ ಖುಷಿಗೆ ಎಲ್ಲರಿಗೂ ಸೋಡಾ ಕುಡಿಸಲು ಬಾಟಲಿ ತಂದಿದ್ದೆ. ಮುಚ್ಚಳ ತೆಗೆಯುವ ಸಲಕರಣೆ ಸಿಗಲಿಲ್ಲ. “ಅದ್ಯಾಕೆ, ನಾನಿದೀನಿ,” ಎಂದು ಹಲ್ಲಿಗೆ ಕೊಟ್ಟೆ. ಮೊದಲನೆಯದು ಸಲೀಸಾಗಿ ಬಂತು, ಚಪ್ಪಾಳೆಯೂ ಬಂತು. ಚಪ್ಪಾಳೆ ಬಿದ್ದ ಮೇಲೆ ನಿಲ್ಲಿಸುವ ಪೈಕಿ ನಾನಲ್ಲ. ಎರಡನೆಯದರ ಮುಚ್ಚಳ ಅಲ್ಲೇ ಉಳಿಯಿತು, ನನ್ನ ಹಲ್ಲು ಬಂತು.

ಅಮ್ಮ ಬಾಯಿ ತೆರೆಸಿ ನೋಡಿದಳು. “ಹಲ್ಲು ಹೋಯ್ತು, ನಾಲಿಗೆ ಉಳೀತು. ದೇವ್ರು ಜಾಗ ತಪ್ಪಿದ,” ಎಂದಳು. ಆಮೇಲೆ ನಾನು ಕೇಳದೆಯೇ ಊಟವನ್ನು ನುಣ್ಣಗೆ ಹಿಸುಕಿ ತಟ್ಟೆಗೆ ಹಾಕಿಕೊಟ್ಟಳು. ಅವಳಿಗೆ ಇದು ಹೊಸತಲ್ಲ. ಹಲ್ಲೇ ಬರದ ಕಾಲದಲ್ಲಿ ಅವಳ ಕೈಗೆ ಬಿದ್ದವಳು ನಾನು. ನನ್ನನ್ನು ಹೆತ್ತವಳು ಇದೇ ಲಾಂಡ್ರಿಯಲ್ಲಿ ಅಮ್ಮನ ಜೊತೆ ಕೆಲಸಕ್ಕಿದ್ದಳಂತೆ. ಒಂದು ವಾರ ನೋಡಿಕೋ ಎಂದು ಮಗುವನ್ನು ಕೊಟ್ಟು ಹೋದಳು. ಆ ವಾರ ಇನ್ನೂ ಮುಗಿದಿಲ್ಲ.

ಮಾರ್ಚ್ 27, ಶುಕ್ರವಾರ

ಹಾಕಿ ತೆಗೆಯುವ ಹಲ್ಲು ಬಂತು. ಒಸಡು ಮಾಗಬೇಕು, ಗಟ್ಟಿ ಹಲ್ಲು ವರ್ಷದ ಕೊನೆಗೇ ಎಂದರು ಹಲ್ಲಿನ ಡಾಕ್ಟರು. “ಎಲ್ಲಿ, ಏನಾದ್ರೂ ಮಾತಾಡಿ,” ಎಂದರು.

“ಸರಿ ಸಾರ್,” ಎಂದೆ.

ಎರಡು ಶಿಳ್ಳೆ ಹೊರಟವು. ಹೊರಗೆ ಕಾಯುತ್ತಿದ್ದವರು ಬಾಗಿಲ ಸಂದಿಯಿಂದ ಇಣುಕಿದರು. ಡಾಕ್ಟರು ಗಂಭೀರವಾಗಿ ನೆಲ ನೋಡುತ್ತ, “ಅಭ್ಯಾಸ ಆಗುತ್ತೆ,” ಎಂದರು. ಯಾರಿಗೆ ಅಭ್ಯಾಸ ಆಗುತ್ತದೆಂದು ಹೇಳಲಿಲ್ಲ.

ಏಪ್ರಿಲ್ 9, ಗುರುವಾರ

ಸ್ಟುಡಿಯೊದ ಮೊದಲ ದಿನ. ಹಾಳಾಯಿತು.

ಧ್ವನಿ ಹಿಡಿಯುವವನನ್ನು ಎಲ್ಲರೂ ಕಿವಿ ಎನ್ನುತ್ತಾರೆ. ಗಾಜಿನ ಆಚೆ ಕೂತು ನಾನು ಉಗುಳು ನುಂಗಿದ್ದನ್ನೂ ಕೇಳಿಸಿಕೊಳ್ಳುವ ಮನುಷ್ಯ. ಮೊದಲ ಹಾಡಿನ ಪಲ್ಲವಿ: 'ಸಿಡಿಲು ಬಂತು ಸರಿ ಸರಿ, ಸಿಂಹಾಸನ ಬಿಟ್ಟು ಸರಿ.' ಒಂದೊಂದು ಸಕಾರಕ್ಕೂ ಒಂದೊಂದು ಶಿಳ್ಳೆ, ಒಂದೊಂದು ಶಿಳ್ಳೆಗೂ ಅವನ ಯಂತ್ರದ ಮುಳ್ಳು ಕೆಂಪಿಗೆ ಹಾರುತ್ತದೆ.

“ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಕುಕ್ಕರ್ ಕೂಗ್ದಂಗಿದೆ.”

ಹಲ್ಲು ತೆಗೆದು ಹಾಡಿದೆ. ಬರೀ ಗಾಳಿ. ಸ ಇರುವಲ್ಲಿ ಶ ಹಾಕಿ, 'ಶಿಡಿಲು ಬಂತು ಶರಿ ಶರಿ' ಎಂದೆ. “ಕುಡ್ಕೊಂಡ್ ಬಂದ್ರಾ?” ಎಂದ. ಯಂತ್ರದಲ್ಲೇ ಶಿಳ್ಳೆ ಅಳಿಸಿದರೆ ನನ್ನ ದನಿ ನೆಗಡಿ ಹಿಡಿದ ಗುಮಾಸ್ತನ ದನಿಯಾಗುತ್ತದೆ. ನನ್ನ ಹೆಸರನ್ನು ನಾನೇ ಹೇಳಿಕೊಳ್ಳಲಾಗದ ಗತಿ ಬಂತಲ್ಲ!

ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರ ದಿನವಿಡೀ ಹಬೆ ಬಿಡುತ್ತ ಸ್ಸ್ ಎನ್ನುತ್ತದೆ. ಎಷ್ಟು ಶುದ್ಧವಾದ ಸ! ಕಬ್ಬಿಣಕ್ಕಿರುವ ಭಾಗ್ಯ ನನಗಿಲ್ಲ.

ಏಪ್ರಿಲ್ 21, ಮಂಗಳವಾರ

ಮ್ಯಾನೇಜರಮ್ಮ ಕರೆಸಿದ್ದಳು. “ಒಂದು ದಾರಿ ಇದೆ. ಹಾಡು ನಿಮ್ದೇ, ಹೆಸ್ರೂ ಹಾಕ್ತೀವಿ. ಬಾಯಿ ಮಾತ್ರ ಬೇರೆಯೋರ್ದು. ಒಬ್ಳು ಹುಡುಗಿ ಇದಾಳೆ, ಇಪ್ಪತ್ತೆರಡು ವಯಸ್ಸು, ಹಲ್ಲು ಮುತ್ತಿನ ಹಾಗಿದೆ.”

ಮೈಯೆಲ್ಲ ಉರಿದುಹೋಯಿತು. ನನ್ನ ಮಾತು ಇನ್ನೊಬ್ಬಳ ಬಾಯಲ್ಲಿ! “ಜುಲೈಗೆ ಕೊಡ್ತೀನಿ, ನನ್ನ ಬಾಯಲ್ಲೇ,” ಎಂದೆ. ಅದರಲ್ಲಿ ಸಕಾರವಿರಲಿಲ್ಲ, ಶಿಳ್ಳೆ ಬರಲಿಲ್ಲ. ಬಾಗಿಲು ದಾಟುವಾಗ ಥಟ್ಟನೆ ಹೊಳೆಯಿತು: ಸ ಇಲ್ಲದೆಯೂ ಮಾತಾಡಬಹುದು!

ಮನೆಗೆ ಬಂದು ಹಳೆಯ ಹಾಡುಗಳಲ್ಲಿ ಸ ಹೊಡೆಯುತ್ತ ಹೋದೆ. ಸಿಡಿಲು, ಸಿಂಹ, ಸಿಂಹಾಸನ, ಸವಾಲು, ಸೇಡು, ಸೊಕ್ಕು, ಸೋಲು, ಸಾವು, ಸಿಟ್ಟು. ಎಲ್ಲ ಹೋಯಿತು. ರ್‍ಯಾಪಿನ ಗತ್ತೆಲ್ಲ ಈ ಸಕಾರದ ಮನೆಯಲ್ಲೇ ಬಾಡಿಗೆಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಇರಲಿ. ಹಲ್ಲು ಕಚ್ಚಿಕೊಂಡು ಮಾಡುತ್ತೇನೆ, ಉಳಿದ ಹಲ್ಲು. ಇವತ್ತಿನಿಂದ ಸ ಬಿಟ್ಟೆ.

ಮೇ 6, ಬುಧವಾರ

ಒಂದು ಅಕ್ಷರ ಎತ್ತಿದರೆ ಅರ್ಧ ಭಾಷೆಯೇ ಎದ್ದು ನಡೆಯುತ್ತದೆಂದು ಯಾರಿಗೆ ಗೊತ್ತಿತ್ತು? ಕೋಪ ಇದೆ, ಆದರೆ ಆ ಮಾತಿಗೆ ಖಾರ ಕಡಿಮೆ. ಕುರ್ಚಿ ಇದೆ, ಅದರ ಮೇಲೆ ಕೂತರೆ ರಾಣಿ ಎನ್ನುವವರಿಲ್ಲ. ಉಳಿದದ್ದು ಏನು? ಅಮ್ಮ, ಮನೆ, ಹಬೆ, ಬಟ್ಟೆ, ಬೆವರು, ಬೆನ್ನುನೋವು. ಇವನ್ನು ಇಟ್ಟುಕೊಂಡು ಯಾರ ಮುಂದೆ ಮೆರೆಯಲಿ?

ಮನೆಯಲ್ಲೂ ಇದೇ ಪಾಠ. “ಸಾರು ಸಪ್ಪೆ ಇದೆಯೇನೆ?” ಎಂದಳು ಅಮ್ಮ. “ಉಪ್ಪು ಕಡಿಮೆ,” ಎಂದೆ. “ಸಪ್ಪೆ ಅನ್ನೋಕೇನ್ ರೋಗ?” ಎಂದು ಡಬ್ಬಿಯನ್ನು ನನ್ನ ಮುಂದೆ ಕುಕ್ಕಿದಳು.

ಮೇ 15, ಶುಕ್ರವಾರ

ದಪ್ಪಕ್ಕನ ಜೊತೆ ಹೋಟೆಲಿನ ಹೊದಿಕೆ ಮಡಚುತ್ತಿದ್ದೆ. ಲಾಂಡ್ರಿಯಲ್ಲಿ ನನ್ನ ಜೋಡಿ ಅವಳು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಹತ್ತಿರ ಬಾ, ದೂರ ಹೋಗು, ಕೊಡವು, ಮಡಚು. ಇಷ್ಟು ವರ್ಷ ಈ ತಾಳದೊಳಗೇ ನಿಂತು ಹೊರಗೆಲ್ಲೋ ತಾಳ ಹುಡುಕುತ್ತಿದ್ದೆ. ಬಾಯಿಗೆ ತಾನಾಗಿ ಬಂತು:

ಬಿಳಿ ಹೊದಿಕೆ, ಬಿಳಿ ದಿಂಬು, ಮುಗಿಯದ ಬಿಳಿ ಬೆಟ್ಟ
ಮಲಗಿದವನು ಎದ್ದು ಹೋದ, ಮುದುರಿ ಅಲ್ಲೇ ಬಿಟ್ಟ
ಮುದುರಿದ್ದನ್ನ ಮಡಚೋ ಕೈಗೆ ಯಾವ ದೊರೆಯ ಪಟ್ಟ?

ದಪ್ಪಕ್ಕ ಹೊದಿಕೆಯನ್ನು ಕೈಬಿಟ್ಟಳು. “ಇದು ನನ್ ಬೆನ್ನಿನ ಕಥೆ ಕಣೆ. ನಿಂಗ್ಯಾರ್ ಹೇಳಿದ್ರು?”

ಅವಳಿಗೆ ಬೆನ್ನುನೋವು ಎಂಬುದೇ ನನಗೆ ತಿಳಿದಿರಲಿಲ್ಲ. ಊಟದ ಬಿಡುವಿನಲ್ಲಿ ಕೇಳಿದೆ. ಮಲಗಲು ಆಗುವುದೇ ಇಲ್ಲವಂತೆ, ಕುರ್ಚಿಯಲ್ಲಿ ಒರಗಿಯೇ ನಿದ್ದೆಯಂತೆ. ಊರಿನವರ ನಿದ್ದೆಗೆಲ್ಲ ಹೊದಿಕೆ ಮಡಚಿ ಕೊಡುವವಳು! ಅವಳ ಕುರ್ಚಿಗೆ ಒಂದು ಹಾಡು ಬೇಕು.

ಜೂನ್ 4, ಗುರುವಾರ

ಇಂದು ಕುರ್ಚಿಯ ಹಾಡು. ಒಂದೇ ಪ್ರಯತ್ನಕ್ಕೆ ಬಂತು, ಮುಳ್ಳು ಕೆಂಪಿನ ಕಡೆ ತಿರುಗಿಯೂ ನೋಡಲಿಲ್ಲ. ಹಾಡು ಮುಗಿದ ಮೇಲೆ ಕಿವಿ ಎದ್ದು ಮೂಲೆಗೆ ಹೋಗಿ ತನ್ನ ಅಕ್ಕನಿಗೆ ಫೋನ್ ಮಾಡಿದ. “ಏನಿಲ್ಲ, ಸುಮ್ನೆ ಮಾಡ್ದೆ. ಚೆನ್ನಾಗಿದೀಯಾ?” ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಬೇಡ.

ಮನೆಯಲ್ಲಿ ಹಾಡಿದಾಗ ಪಾತ್ರೆ ತೊಳೆಯುವ ಶಬ್ದ ಕೊನೆಯ ತನಕ ನಿಂತಿತ್ತು. ಆಮೇಲೆ ಅಮ್ಮ ತಲೆ ಹೊರಹಾಕಿ, “ಈಗೀಗ ಯಾರನ್ನೂ ಬೈತಿಲ್ಲ. ಜ್ವರ ಬಂದಿದೆಯಾ?” ಎಂದು ಕೇಳಿದಳು. ಒಳ್ಳೆಯ ಬೈಗುಳಕ್ಕೆಲ್ಲ ಆ ಅಕ್ಷರವೇ ಬೇಕು, ಅದಕ್ಕೇ ಎಂದೆ. ಕಾರಣ ಅಷ್ಟೇ, ಬೇರೇನಿಲ್ಲ.

ಜೂನ್ 23, ಮಂಗಳವಾರ

ಹನ್ನೊಂದು ಹಾಡು ಮುಗಿಯಿತು! ಮ್ಯಾನೇಜರಮ್ಮ ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿದಳು. ಆ ಮುತ್ತಿನ ಹಲ್ಲಿನ ಹುಡುಗಿಯ ಮಾತು ಎತ್ತಲೇ ಇಲ್ಲ. ಹೊರಟ ಮೇಲೆ ಕಾರಿನ ಗಾಜು ಕೆಳಗಿಳಿಯಿತು. “ಹನ್ನೆರಡನೇದು ಯಾವಾಗ?”

ಹಲ್ಲು ಕಿರಿದೆ, ಇದ್ದಷ್ಟು. ಕೊನೆಯದು ಅಮ್ಮನ ಹಾಡು.

ಜುಲೈ 8, ಬುಧವಾರ

ಅಮ್ಮನ ಹಾಡು ಬರೆದೆ. ಎರಡನೆಯ ಅಕ್ಷರಕ್ಕೆ ಎರಡನೆಯ ಅಕ್ಷರ ಬಡಿದು ಎಷ್ಟು ಚೆಂದ ಕುಣಿಯುತ್ತದೆ:

ಹೆತ್ತವಳೇ, ಹೊತ್ತವಳೇ, ತುತ್ತನಿತ್ತವಳೇ

ಅಡುಗೆಮನೆಯ ಕುರ್ಚಿಯಲ್ಲಿ ಅಮ್ಮನಿಗೆ ಕೂರಲು ಹೇಳಿ, ಎದುರು ನಿಂತು ಹಾಡಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

“ಚೆನ್ನಾಗಿದೆ. ಯಾರ್ ಮೇಲೆ ಬರ್ದಿದ್ದು?”

“ನಿನ್ ಮೇಲೇ ಕಣಮ್ಮ!”

“ನಾನ್ಯಾವಾಗೇ ಹೆತ್ತೆ ನಿನ್ನ?”

“ಹಾಡಿಗೆ ಹಾಗೇ ಬರುತ್ತೆ. ಆ ಅಕ್ಷರ ಬಿಟ್ಟು ಬರೀಬೇಕಲ್ಲಮ್ಮ...”

“ಒಂದಕ್ಷರ ಹೇಳೋಕೆ ಬರಲ್ಲ ಅಂತ ನನ್ನನ್ನ ಎಬ್ಬಿಸಿ ಅವಳನ್ನ ಕೂರಿಸ್ತೀಯಾ? ಹೆತ್ತೋಳು ಅವಳು. ನಾನು ಸಾಕ್ದೋಳು. ಅದೇನ್ ಸಣ್ಣ ಕೆಲ್ಸಾನಾ? ನಾನು ಯಾರ ಮುಂದೇನೂ ಸುಳ್ಳು ಹೇಳಿಲ್ಲ, ನೀನೂ ಹೇಳ್ಬೇಡ. ಸಾಕು.”

ಈ ಬಾರಿ ಆ ಮಾತು ಎಂದಿನಂತಿರಲಿಲ್ಲ. ಅಮ್ಮ ಎದ್ದು ಒಳಗೆ ಹೋದಳು.

ಜುಲೈ 9, ಗುರುವಾರ

ಬೆಳಗಿನಿಂದ ಹುಡುಕಿದೆ. ಹೆರುವುದಕ್ಕೆ ಸ ಬೇಡ. ಹೊರುವುದಕ್ಕೆ ಬೇಡ. ಬಿಟ್ಟು ಹೋಗುವುದಕ್ಕೂ ಬೇಡ. ಆದರೆ ಸಾಕು, ಸಲಹು, ಪೋಷಿಸು, ಬೆಳೆಸು, ಕೊನೆಗೆ ಸಹಿಸು: ಒಂದಾದರೂ ಸಕಾರ ಬಿಟ್ಟು ನಿಲ್ಲುವುದಿಲ್ಲ. ಪೊರೆ ಎಂಬುದೊಂದಿದೆ, ಅದು ಪದ್ಯದ ಪುಸ್ತಕದ ಮಾತು, ನಮ್ಮ ಅಡುಗೆಮನೆಯದಲ್ಲ. ಅಮ್ಮ ಮಾಡಿದ ಕೆಲಸಕ್ಕೆ ನನ್ನ ಹರುಕು ಬಾಯಲ್ಲಿ ಹೆಸರೇ ಇಲ್ಲ.

ಈ ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದೆ. ನಗು ಬಂತು. ಯಾರೂ ಓದದ ಇಲ್ಲಿಯೂ ಎರಡು ತಿಂಗಳಿಂದ ನನ್ನ ಮಾತಿನಲ್ಲಿ ಒಂದು ಸ ಇಲ್ಲ. ಪೆನ್ನಿಗೂ ಹಲ್ಲು ಮುರಿದಿತ್ತೇನೋ! ಸ ಸ ಸ ಸ. ಸುಖ. ಸಂತೋಷ. ಸೋಮವಾರ. ಸಾಸಿವೆ. ಎಷ್ಟು ಹಾಯಾಗಿದೆ.

ಶಿಳ್ಳೆ ಬರುತ್ತದೆಯೇ? ಬರಲಿ. ಮ್ಯಾನೇಜರಮ್ಮ ಒಪ್ಪದಿದ್ದರೆ? ಹನ್ನೊಂದು ಹಾಡೂ ನೀರಿಗೆ ಬೀಳಬಹುದು. ಗೊತ್ತು. ಆದರೂ ಬರೆದೆ:

ಹೆತ್ತವಳು ಹೊರಟಳು ಒಂದೇ ವಾರ ಅಂತ
ಸಾಕಿದವಳು ಕೂತಳು ಆ ವಾರದ ಪಕ್ಕ
ವಾರ ಮುಗಿದಿಲ್ಲ ಇನ್ನೂ, ಸಾಕಿ ಸಾಕಾಗಿಲ್ಲ ಇನ್ನೂ
ಸಾಕು ಅಂದವರೆಲ್ಲ ಹೋದರು, ಸಾಕಿದವಳು ಉಳಿದಳು

ಜುಲೈ 22, ಬುಧವಾರ

ಹಾಡಿದೆ. ಸಕಾರ ಬಂದಲ್ಲೆಲ್ಲ ಶಿಳ್ಳೆ, ಮುಳ್ಳು ಕೆಂಪಿನಿಂದ ಇಳಿಯಲೇ ಇಲ್ಲ. ಮುಗಿದಾಗ ಕಿವಿ ಗಾಜಿನ ಆಚೆ ತಲೆ ಮೇಲೆ ಕೈಯಿಟ್ಟು ಕೂತಿದ್ದ. ಅವನು ಗುಂಡಿ ಒತ್ತಿ, “ಅಕ್ಕಾ, ತಾಳಕ್ಕೆ ಅಂತ ಡ್ರಮ್ಮಿನ ತಟ್ಟೆ ಸದ್ದು ಹಾಕಿದ್ನಲ್ಲ, ಅದನ್ನ ತೆಗೀತೀನಿ. ಆ ಜಾಗದಲ್ಲಿ ನಿಮ್ ಶಿಳ್ಳೇನೇ ಕೂತಿದೆ. ಕೇಳಿ,” ಎಂದ.

ಕೇಳಿದೆ. ಡ್ರಮ್ಮಿನ ಎರಡು ಪೆಟ್ಟಿನ ನಡುವೆ ಸರಿಯಾಗಿ ನನ್ನ 'ಸಾ' ಬಂದು ಬೀಳುತ್ತಿತ್ತು. ಅಳತೆ ತೆಗೆದು ಹೊಲಿದ ಹಾಗೆ.

ಮ್ಯಾನೇಜರಮ್ಮ ಮೂಗು ಮುರಿದಳು. “ಹನ್ನೊಂದು ಹಾಡು ಚಿನ್ನ. ಇದೊಂದಕ್ಕೆ ಆ ಹುಡುಗಿ...”

“ಇದು ನನ್ನಮ್ಮ,” ಎಂದೆ. “ಇನ್ನೊಬ್ಬಳ ಬಾಯಿಗೆ ಕೊಡಲ್ಲ. ಇದಿಲ್ಲದಿದ್ರೆ ಹನ್ನೊಂದೂ ಇಲ್ಲ. ಆಲ್ಬಮ್ ಹೆಸರೂ ಇದೇ: ಸಾಕು.”

ಪ್ರತಿ ಸಕಾರಕ್ಕೂ ಶಿಳ್ಳೆ ಹೊಡೆಯಿತು. ಅವಳು ನನ್ನ ಬಾಯನ್ನೇ ನೋಡಿದಳು. “ಸಾಕು ಅಂತ ಹೆಸ್ರಿಟ್ರೆ ಜನಾನೂ ಸಾಕು ಅಂತಾರೆ. ಆಮೇಲೆ ಅಳ್ಕೊಂಡು ಬರ್ಬೇಡಿ,” ಎಂದು ಒಪ್ಪಿದಳು.

ಸೆಪ್ಟೆಂಬರ್ 12, ಶನಿವಾರ

ಆಲ್ಬಮ್ ಹೊರಬಂತು. ಸಂಜೆಯ ಪತ್ರಿಕೆಯಲ್ಲಿ ಮೊದಲ ವಿಮರ್ಶೆ. ತಲೆಬರಹ: 'ಹಲ್ಲಿಲ್ಲದ ಸಿಡಿಲು'. ಗುಡುಗಬೇಕಾದವಳು ಲಾಂಡ್ರಿಯ ಕಥೆ ಹೇಳುತ್ತಾಳೆ, ಕೊನೆಗೆ ಶಿಳ್ಳೆ ಹೊಡೆಯುತ್ತಾಳೆ, ಇದೆಂಥ ಹಿಪ್ ಹಾಪ್ ಎಂದು ಬರೆದಿದ್ದಾನೆ. ಮಾರ್ಚಿನಲ್ಲಾಗಿದ್ದರೆ ಅವನ ಮೇಲೊಂದು ಹಾಡು ಕಟ್ಟಿ ನೀರಿಳಿಸುತ್ತಿದ್ದೆ. ಇವತ್ತು ತಲೆಬರಹ ಚೆನ್ನಾಗಿದೆ ಅನಿಸಿತು. ದಪ್ಪಕ್ಕ ಅದನ್ನು ಕತ್ತರಿಸಿ ಇಸ್ತ್ರಿ ಯಂತ್ರದ ಮೇಲೆ ಅಂಟಿಸಿದ್ದಾಳೆ.

ಅಮ್ಮ ಹನ್ನೆರಡನೆಯ ಹಾಡು ಮಾತ್ರ ಕೇಳುತ್ತಾಳೆ. “ಆ ನನ್ ಹಾಡು ಹಾಕು,” ಎನ್ನುತ್ತಾಳೆ. ಅದರ ಹೆಸರೇನೆಂದು ಅವಳು ಕೇಳಿಲ್ಲ, ನಾನೂ ಹೇಳಿಲ್ಲ. ಅದೇ ಆಲ್ಬಮ್ಮಿನ ಹೆಸರೆಂಬುದೂ ಅವಳಿಗೆ ತಿಳಿಯದು.

ಸೆಪ್ಟೆಂಬರ್ 25, ಶುಕ್ರವಾರ

ಬಸ್ಸಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು. “ಸೀಟ್ ಸಿಕ್ತಾ?” ಎಂದಳು ಒಬ್ಬಳು, ಎರಡೂ ಸಕಾರಕ್ಕೆ ಶಿಳ್ಳೆ ಹಾಕಿ. “ಸಿಕ್ತು, ಸರಿ ಸ್ವಲ್ಪ,” ಎಂದಳು ಇನ್ನೊಬ್ಬಳು, ಮೂರಕ್ಕೂ ಹಾಕಿ. ಬಿದ್ದು ಬಿದ್ದು ನಕ್ಕರು. ಮೊದಲು ಅಣಕಿಸುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಒಬ್ಬಳು ಕಿಟಕಿಗೆ ಒರಗಿ 'ಸಾಕಿದವಳು ಉಳಿದಳು' ಎಂದು ಗುನುಗಿದಳು, ಕಣ್ಣು ಒರೆಸಿಕೊಂಡಳು. ಅವಳನ್ನು ಸಾಕಿದವರು ಯಾರೋ ಏನೋ. ಕೇಳಬೇಕೆನಿಸಿತು, ಅಷ್ಟರಲ್ಲಿ ನನ್ನ ನಿಲ್ದಾಣ ಬಂತು.

ಅಕ್ಟೋಬರ್ 13, ಮಂಗಳವಾರ

ಈ ವಾರ ಎಲ್ಲಕ್ಕಿಂತ ಹೆಚ್ಚು ಜನ ಕೇಳಿದ ಆಲ್ಬಮ್ ನಮ್ಮದು! ಮ್ಯಾನೇಜರಮ್ಮ ಫೋನಿನಲ್ಲಿ ಕಿರುಚಿದಳು, ಶಿಳ್ಳೆ ಹೊಡೆಯಲು ಹೋಗಿ ಕೆಮ್ಮಿದಳು. ಊರಿನ ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮವಂತೆ. ನನಗಿಂತ ಮುಂಚೆ ಹಾಡುವುದು, ಜನರನ್ನು ಹಿಡಿದಿಡುವುದು ಮುತ್ತಿನ ಹಲ್ಲಿನ ಹುಡುಗಿ. ನಾನೇ ಅವಳನ್ನು ಕೇಳಿಕೊಂಡೆ. ಒಳ್ಳೆಯ ಹುಡುಗಿ, ಚೆನ್ನಾಗಿ ಹಾಡುತ್ತಾಳೆ.

ಹಲ್ಲಿನ ಡಾಕ್ಟರೂ ಫೋನ್ ಮಾಡಿದ್ದರು. “ಒಸಡು ಈಗ ಮಾಗಿರುತ್ತೆ. ಗಟ್ಟಿ ಹಲ್ಲು ಹಾಕ್ಬಹುದು. ಶಿಳ್ಳೆ ಪೂರ್ತಿ ಹೋಗುತ್ತೆ.”

“ಶಿಳ್ಳೆ ಉಳಿಸೋ ಹಲ್ಲು ಇದೆಯಾ ಡಾಕ್ಟ್ರೇ?” ಎಂದೆ. ಅವರು ಯೋಚಿಸುತ್ತಿದ್ದಾರೆ.

ನವೆಂಬರ್ 15, ಭಾನುವಾರ

ನಿನ್ನೆ ದೊಡ್ಡ ಸಭಾಂಗಣದ ಕಾರ್ಯಕ್ರಮ.

ಅಮ್ಮ ಬಂದಿದ್ದಳು. ಮೊದಲ ಸಾಲಿನಲ್ಲಿ, ದಪ್ಪಕ್ಕನ ಪಕ್ಕದಲ್ಲಿ. ದಪ್ಪಕ್ಕನಿಗೆ ಒರಗುವ ಕುರ್ಚಿಯನ್ನು ಕಿವಿಯೇ ಎಲ್ಲಿಂದಲೋ ಹೊತ್ತು ತಂದಿದ್ದ. ಸಭಾಂಗಣದಲ್ಲಿ ಎಳ್ಳು ಹಾಕಲೂ ಜಾಗವಿಲ್ಲ. ಹೊದಿಕೆಯ ಹಾಡಿಗೆ ಇಡೀ ಜನ ಕೈಯಿಂದ ಗಾಳಿಯನ್ನೇ ಮಡಚಿದರು. ಕುರ್ಚಿಯ ಹಾಡಿಗೆ ಎಲ್ಲರೂ ಎದ್ದು ನಿಂತರು, ದಪ್ಪಕ್ಕ ಒಬ್ಬಳು ರಾಣಿಯ ಹಾಗೆ ಕೂತಿದ್ದಳು.

ಕೊನೆಯದಕ್ಕೆ ನಾನು ಬಾಯಿ ತೆರೆಯುವ ಮುಂಚೆಯೇ ಜನರ ಶಿಳ್ಳೆ. 'ಸಾಕಿದವಳು' ಎಂದರೆ ನನ್ನ ಒಂದು ಶಿಳ್ಳೆಗೆ ಅವರದು ನೂರು. ನಾನು ವೇದಿಕೆಯಿಂದ ಇಳಿದು ಅಮ್ಮನ ಎದುರು ನಿಂತೇ ಹಾಡು ಮುಗಿಸಿದೆ. ಮುಗಿದದ್ದೇ ತಡ, ಹಿಂದಿನ ಸಾಲಿನಿಂದ ಶುರುವಾಗಿ ಇಡೀ ಸಭಾಂಗಣ ಕಾಲು ಬಡಿಯುತ್ತ ಕೂಗಿತು: “ಸಾಕು! ಸಾಕು! ಸಾಕು!”

ಅಮ್ಮ ಧಡಕ್ಕನೆ ಎದ್ದಳು. ಜನರ ಕಡೆ ತಿರುಗಿ ಸೊಂಟದ ಮೇಲೆ ಕೈಯಿಟ್ಟಳು. ನನ್ನ ಕೈಯಲ್ಲಿದ್ದ ಮೈಕು ಅವಳ ಮುಖದ ಹತ್ತಿರವೇ ಇತ್ತು.

“ಯಾರ್ರೀ ಅದು ಸಾಕು ಅಂತಿರೋದು? ಇವಳಿಗೆ ಸಾಕು ಅನ್ನೋಳು ನಾನೊಬ್ಳೇ! ನೀವ್ಯಾರ್ ಹೇಳೋಕೆ? ಇಷ್ಟು ಚೆನ್ನಾಗ್ ಹಾಡಿದಾಳೆ! ಬಾಯ್ಮುಚ್ಕೊಂಡು ಕೂತ್ಕೊಳ್ಳಿ, ಇನ್ನೊಂದ್ ಹಾಡ್ತಾಳೆ ನನ್ ಮಗಳು!”

ಚಾವಣಿ ಹಾರಿಹೋಗುವಂಥ ಕೂಗು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ. ಅಮ್ಮ ಹೇಳಿದಂತೆ ಇನ್ನೊಮ್ಮೆ ಹಾಡಿದೆ, ಅದನ್ನೇ.

ವಾಪಸು ಬರುವಾಗ ಕಾರಿನಲ್ಲಿ ಅಮ್ಮ ಇನ್ನೂ ಮುಖ ಊದಿಸಿಕೊಂಡೇ ಇದ್ದಳು. ಕೊನೆಗೆ ಹೇಳಿಬಿಟ್ಟೆ. “ಅಮ್ಮ, ಸಾಕು ಅನ್ನೋದು ಆ ಹಾಡಿನ ಹೆಸ್ರು. ಅದನ್ನೇ ಮತ್ತೆ ಹಾಡು ಅಂತ ಕೂಗ್ತಿದ್ರು.”

“ನನ್ ಹಾಡಿನ ಹೆಸ್ರಾ?”

“ಹೂಂ.”

“ಅಂದ್ರೆ ಅಷ್ಟೂ ಜನ ಕರೀತಿದ್ದದ್ದು ನನ್ನನ್ನಾ?”

“ನಿನ್ನನ್ನೇ.”

ಅಮ್ಮ ಕಿಟಕಿಯ ಕಡೆ ತಿರುಗಿದಳು. ನಮ್ಮ ಬೀದಿಯ ತಿರುವಿನಲ್ಲಿ ಸೆರಗಿನಿಂದ ಮೂಗು ಒರೆಸಿಕೊಂಡು ಎಂದಳು, “ಹಂಗಾದ್ರೆ ನನ್ನನ್ನ ಯಾಕೆ ತಡೀಲಿಲ್ಲ? ಇನ್ನೂ ಸ್ವಲ್ಪ ಹೊತ್ತು ಕೂಗ್ತಿದ್ರು.”